ರಾಗಿ ಬೇರಿನ ನೆಂಟರು: ಮಣ್ಣಿನ ಚೀಟಿಯಲ್ಲಿ ಲೆಕ್ಕಕ್ಕೇ ಇಲ್ಲದ ಜೀವಗಳು

ಹುಣಸೂರು ಕಡೆಯ ನಮ್ಮ ನೆಂಟರೊಬ್ಬರ ಮನೆಯಲ್ಲಿ ಗೋಡೆಯ ಮೊಳೆಗೆ ಸಿಕ್ಕಿಸಿಟ್ಟಿದ್ದ ಮಣ್ಣು ಆರೋಗ್ಯ ಚೀಟಿ ನೋಡಿದೆ. ಅದರಲ್ಲಿ 12 ಅಂಶಗಳಿದ್ದವು. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ. ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಕೊನೆಗೆ ರಸಸಾರ, ಲವಣಾಂಶ, ಸಾವಯವ ಇಂಗಾಲ. ಪಿಯುಸಿ ಓದುವ ಆ ಮನೆಯ ಹುಡುಗಿ ಪಕ್ಕದಲ್ಲೇ ನಿಂತು ಓದಿ, "ಮಾವ, ಇದ್ರಲ್ಲಿ ಜೀವ ಇರೋದು ಒಂದೂ ಇಲ್ವಲ್ಲ?" ಅಂದಳು.

ಅವಳು ಕೇಳಿದ್ದು ಸರಿಯಾಗಿಯೇ ಇತ್ತು. 2015ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಈ ಯೋಜನೆ ಮಣ್ಣಿನ ರಸಾಯನವನ್ನು ಅಳೆಯುತ್ತದೆ. ಮಣ್ಣಿನಲ್ಲಿ ಬದುಕಿರುವ, ಆ ರಸಾಯನವನ್ನು ಬೇರಿಗೆ ತಲುಪಿಸುವ ಜೀವಗಳ ಸುದ್ದಿಗೆ ಹೋಗುವುದಿಲ್ಲ. ಸಾವಯವ ಇಂಗಾಲ ಒಂದೇ ಅವುಗಳ ಬಗ್ಗೆ ಪರೋಕ್ಷವಾಗಿ ಏನಾದರೂ ಹೇಳುತ್ತದೆ. ಸರ್ಕಾರ ಯಾವುದನ್ನು ಅಳೆಯುತ್ತದೋ ಅದಕ್ಕೇ ದುಡ್ಡು ಕೊಡುತ್ತದೆ. ಅಳೆಯದ್ದು ಬಜೆಟ್‌ನಲ್ಲೂ ಇರುವುದಿಲ್ಲ. ಹಾಗಾಗಿ ರಾಗಿ ಬೇರಿನ ಈ ನೆಂಟರು ಯಾರು, ಏನು ಕೆಲಸ ಮಾಡುತ್ತಾರೆ, ನಮ್ಮ ಮೈಸೂರು-ಬೆಂಗಳೂರಿನ ವಿಜ್ಞಾನಿಗಳು ಇವರ ಬಗ್ಗೆ ಏನು ಕಂಡುಕೊಂಡಿದ್ದಾರೆ, ಆ ತಿಳಿವಳಿಕೆ ಹೊಲಕ್ಕೆ ಯಾಕೆ ಸರಿಯಾಗಿ ಇಳಿದಿಲ್ಲ ಅನ್ನೋದನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ.

ರಾಗಿಯೇ ಯಾಕೆ?

ರಾಗಿ ಮೂಲತಃ ಪೂರ್ವ ಆಫ್ರಿಕಾದ ಎತ್ತರದ ಪ್ರದೇಶಗಳ ಬೆಳೆ. ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದು ನಮ್ಮದೇ ಆಯಿತು. ಇಂದು ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ಕರ್ನಾಟಕ. ಮೈಸೂರಿನ ರಿಂಗ್ ರೋಡ್ ದಾಟಿ ಜಯಪುರ, ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಡೆ ಹೊರಟರೆ ಲೇಔಟ್‌ಗಳ ಕಲ್ಲು ನೆಟ್ಟಿರದ ಕಡೆಯೆಲ್ಲ ಮಳೆಯನ್ನೇ ನಂಬಿದ ಕೆಮ್ಮಣ್ಣಿನ ಹೊಲಗಳು ಸಿಗುತ್ತವೆ.

ಈ ಕೆಮ್ಮಣ್ಣಿಗೆ ಎರಡು ಕಷ್ಟ. ಒಂದು, ಸಾವಯವ ಇಂಗಾಲ ಕಡಿಮೆ. ಶೇ. 0.5ಕ್ಕಿಂತ ಕೆಳಗಿದ್ದರೆ ಚೀಟಿಯಲ್ಲಿ 'ಕಡಿಮೆ' ಅಂತ ಬರುತ್ತದೆ. ಎರಡನೆಯದು ರಂಜಕದ್ದು. ಮಣ್ಣಿನಲ್ಲಿ ರಂಜಕ ಇರುತ್ತದೆ, ಆದರೆ ಕಬ್ಬಿಣ, ಅಲ್ಯೂಮಿನಿಯಂ ಜೊತೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ನೀರಿನ ಜೊತೆ ಹರಿದು ಬೇರಿನ ಹತ್ತಿರ ಬರುವ ಸ್ವಭಾವ ಅದಕ್ಕಿಲ್ಲ. ಬೇರು ತನ್ನ ಪಕ್ಕದ ಒಂದೆರಡು ಮಿಲಿಮೀಟರ್ ಮಣ್ಣಿನ ರಂಜಕ ಮುಗಿಸಿದ ಮೇಲೆ ಊಟದ ಮುಂದೆ ಕೈಕಟ್ಟಿ ಕೂತ ಹಾಗೆ ಇರಬೇಕಾಗುತ್ತದೆ. ಇಂಥ ನೆಲದಲ್ಲಿ ಎಷ್ಟೋ ತಲೆಮಾರು ಚೀಲದ ಗೊಬ್ಬರ ಇಲ್ಲದೆ ರಾಗಿ ಬೆಳೆದದ್ದು ಹೇಗೆ? ಉತ್ತರದ ಒಂದು ದೊಡ್ಡ ಭಾಗ ಬೇರಿನ ಸುತ್ತ ಇದೆ.

ಬೇರಿನ ಸುತ್ತ ಇರುವವರು ಯಾರು?

ಬೇರಿನ ಪ್ರಭಾವ ಇರುವ ಆ ತೆಳು ಪದರದ ಮಣ್ಣಿಗೆ ರೈಜೋಸ್ಪಿಯರ್ ಎಂದು ಹೆಸರು. 1904ರಲ್ಲಿ ಜರ್ಮನಿಯ ಲೊರೆನ್ಜ್ ಹಿಲ್ಟ್ನರ್ ಈ ಪದವನ್ನು ಬಳಕೆಗೆ ತಂದರು. ಗಿಡ ಬಿಸಿಲಿನಲ್ಲಿ ಮಾಡಿಕೊಂಡ ಸಕ್ಕರೆಯಲ್ಲಿ ಒಂದು ಪಾಲನ್ನು ಬೇರಿನ ಮೂಲಕ ಹೊರಗೆ ಬಿಡುತ್ತದೆ. ಆ ಸಕ್ಕರೆಗಾಗಿ ಬರುವವರಲ್ಲಿ ರಾಗಿ ಹೊಲದ ಮಟ್ಟಿಗೆ ಮುಖ್ಯರಾದವರು ನಾಲ್ಕು ಬಗೆ.

ಮೈಕೊರೈಜಾ: ಇದು ಬೇರಿನ ಒಳಗೇ ಮನೆ ಮಾಡಿಕೊಳ್ಳುವ ಶಿಲೀಂಧ್ರ. ಕೂದಲಿಗಿಂತ ಎಷ್ಟೋ ತೆಳುವಾದ ಎಳೆಗಳನ್ನು ಬೇರು ಮುಟ್ಟಲಾಗದ ಮಣ್ಣಿಗೆ ಚಾಚಿ ರಂಜಕ, ಸತು, ಸ್ವಲ್ಪ ನೀರನ್ನೂ ತಂದುಕೊಡುತ್ತದೆ. ಬದಲಿಗೆ ಗಿಡ ಮಾಡಿಕೊಂಡ ಸಕ್ಕರೆಯಲ್ಲಿ ಶೇ. 4ರಿಂದ 20ರಷ್ಟನ್ನು ಪಡೆಯುತ್ತದೆ. ಇದು 40 ಕೋಟಿ ವರ್ಷ ಹಳೆಯ ಒಪ್ಪಂದ. ಅಷ್ಟು ಹಳೆಯ ಪಳೆಯುಳಿಕೆಗಳಲ್ಲೂ ಇದರ ಗುರುತು ಸಿಕ್ಕಿದೆ. ಬದುಕಿರುವ ಬೇರಿಲ್ಲದೆ ಈ ಶಿಲೀಂಧ್ರ ಬೆಳೆಯುವುದಿಲ್ಲ ಅನ್ನೋದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಜೋಸ್ಪಿರಿಲಮ್: ಹುಲ್ಲಿನ ಜಾತಿಯ ಬೆಳೆಗಳ ಬೇರಿಗೆ ಅಂಟಿಕೊಂಡು ಬದುಕುವ ಬ್ಯಾಕ್ಟೀರಿಯಾ. ಇದರ ಮಹತ್ವವನ್ನು 1970ರ ದಶಕದಲ್ಲಿ ಲೋಕಕ್ಕೆ ತೋರಿಸಿದವರು ಬ್ರೆಜಿಲ್‌ನ ಜೊಹಾನ್ನಾ ಡೊಬೆರೈನರ್. ಗಾಳಿಯ ಸಾರಜನಕವನ್ನು ಸ್ವಲ್ಪ ಹಿಡಿದು ಕೊಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಬೇರಿನ ಕವಲು ಹೆಚ್ಚಿಸುವ ಹಾರ್ಮೋನು ಸ್ರವಿಸಿ ಗಿಡ ತಾನೇ ಹೆಚ್ಚು ಹೀರಿಕೊಳ್ಳುವಂತೆ ಮಾಡುತ್ತದೆ.

ರೈಜೋಬಿಯಂ: ಇದು ರಾಗಿಯ ನೇರ ನೆಂಟನಲ್ಲ. ಪಕ್ಕದ ಸಾಲಿನ ತೊಗರಿ, ಅವರೆ, ಅಲಸಂದೆ ಬೇರಿನ ಗಂಟುಗಳಲ್ಲಿ ಇರುವವನು. ನಮ್ಮ ಸುತ್ತಲಿನ ಗಾಳಿಯಲ್ಲಿ ಶೇ. 78 ಸಾರಜನಕವೇ. ಅದನ್ನು ಗಿಡಕ್ಕೆ ದಕ್ಕುವ ರೂಪಕ್ಕೆ ತರಲು ಯೂರಿಯಾ ಕಾರ್ಖಾನೆಗೆ 400 ಡಿಗ್ರಿಯ ಆಸುಪಾಸಿನ ಶಾಖ, ಭಾರೀ ಒತ್ತಡ, ನೈಸರ್ಗಿಕ ಅನಿಲ ಬೇಕು. ಈ ಬ್ಯಾಕ್ಟೀರಿಯಾ ಅದೇ ಕೆಲಸವನ್ನು ಹೊಲದ ಮಾಮೂಲಿ ಶಾಖದಲ್ಲಿ ಮಾಡುತ್ತದೆ.

ಕಾವಲುಗಾರರು: ಸ್ಯೂಡೊಮೊನಾಸ್, ಬ್ಯಾಸಿಲಸ್ ಥರದ ಬ್ಯಾಕ್ಟೀರಿಯಾಗಳು. ಕೆಲವು ರೋಗಕಾರಕಗಳನ್ನು ನೇರವಾಗಿ ಕೊಲ್ಲುತ್ತವೆ, ಕೆಲವು ಗಿಡದ ರೋಗನಿರೋಧಕ ಶಕ್ತಿಯನ್ನು ಮೊದಲೇ ಎಚ್ಚರಿಸಿ ಇಡುತ್ತವೆ. ರಾಗಿಯ ಬೆಂಕಿ ರೋಗಕ್ಕೆ ಸ್ಯೂಡೊಮೊನಾಸ್‌ನಿಂದ ಬೀಜೋಪಚಾರ ಮಾಡಿ ಅಂತ ಶಿಫಾರಸು ಮಾಡುವುದು ಇದಕ್ಕೇ.

ಈ ಕಾವಲಿನ ಒಂದು ವಿಶೇಷ ಉದಾಹರಣೆ 2016ರಲ್ಲಿ ಬೆಳಕಿಗೆ ಬಂತು. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ವಲಾ ಮೂಸಾ, ಮನೀಶ್ ರೈಜಾದಾ ಮತ್ತು ಸಂಗಡಿಗರು ರಾಗಿ ಬೇರಿನೊಳಗೆ ಬದುಕುವ 'ಎಂ6' ಎಂಬ ಬ್ಯಾಕ್ಟೀರಿಯಾ ತಳಿಯ ಬಗ್ಗೆ 'ನೇಚರ್ ಮೈಕ್ರೋಬಯಾಲಜಿ' ಪತ್ರಿಕೆಯಲ್ಲಿ ಬರೆದರು. ಫ್ಯುಸೇರಿಯಂ ಎಂಬ ವಿಷಕಾರಿ ಶಿಲೀಂಧ್ರ ಬೇರಿನ ಕಡೆ ಬಂದಾಗ ಈ ಬ್ಯಾಕ್ಟೀರಿಯಾ ಅತ್ತ ಧಾವಿಸುತ್ತದೆ. ಬೇರಿನ ರೋಮಗಳು ಬಾಗಿ ಬೆಳೆದು, ಅವುಗಳ ನಡುವೆ ಬ್ಯಾಕ್ಟೀರಿಯಾಗಳು ಪದರ ಪದರವಾಗಿ ಸೇರಿ ಬೇಲಿ ಕಟ್ಟುತ್ತವೆ. ಬೇಲಿಯಲ್ಲಿ ಸಿಕ್ಕಿಕೊಂಡ ಶಿಲೀಂಧ್ರ ಸಾಯುತ್ತದೆ. ರಾಗಿ 'ಗಟ್ಟಿ ಬೆಳೆ' ಅಂತ ಅಜ್ಜಿಯರು ಹೇಳುತ್ತಿದ್ದರಲ್ಲ, ಆ ಗಟ್ಟಿತನದಲ್ಲಿ ಗಿಡದ ಜೊತೆ ಅದರ ಒಕ್ಕಲುಗಳ ಪಾಲೂ ಇದೆ.

ನಮ್ಮೂರಲ್ಲಿ ನಡೆದ ಕೆಲಸ

ಇದೆಲ್ಲ ಹೊರದೇಶದ ವಿಜ್ಞಾನ ಅಂದುಕೊಳ್ಳಬೇಡಿ. ಮೈಸೂರು ಸರ್ಕಾರ 1908ರಲ್ಲೇ ಕೆನಡಾದ ಲೆಸ್ಲಿ ಕೋಲ್ಮನ್ ಅವರನ್ನು ಶಿಲೀಂಧ್ರ ಮತ್ತು ಕೀಟ ತಜ್ಞರಾಗಿ ನೇಮಿಸಿಕೊಂಡಿತು. ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದ ಅವರು ಮೈಸೂರು ಸೀಮೆಯ ರಾಗಿ ಬೇಸಾಯದ ಬಗ್ಗೆ ಇಲಾಖೆಯ ಪ್ರಕಟಣೆಯನ್ನೂ ಬರೆದರು.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ.ಜೆ. ಭಾಗ್ಯರಾಜ್ ಮತ್ತು ಅವರ ಶಿಷ್ಯರು ದಶಕಗಳ ಕಾಲ ಮೈಕೊರೈಜಾ ಮೇಲೆ ಕೆಲಸ ಮಾಡಿದರು. ಯಾವ ಬೆಳೆಗೆ ಯಾವ ಶಿಲೀಂಧ್ರ ಹೊಂದುತ್ತದೆ, ಬೇರಿಲ್ಲದೆ ಬೆಳೆಯದ ಇದನ್ನು ಯಾವ ಹುಲ್ಲಿನ ಬೇರಿನಲ್ಲಿ ಬೆಳೆಸಿ ಹೆಚ್ಚಿಸಬಹುದು ಎನ್ನುವ ಪ್ರಶ್ನೆಗಳಿಗೆ ಭಾರತದಲ್ಲಿ ಉತ್ತರ ಹುಡುಕಿದ ಮುಖ್ಯ ತಂಡಗಳಲ್ಲಿ ಅದೂ ಒಂದು.

ಇತ್ತ ನಮ್ಮ ಮಾನಸಗಂಗೋತ್ರಿಯಲ್ಲಿ, ಮೈಸೂರು ವಿಶ್ವವಿದ್ಯಾಲಯದ ಅನ್ವಯಿಕ ಸಸ್ಯವಿಜ್ಞಾನ ವಿಭಾಗದಲ್ಲಿ ಎಚ್. ಶೇಖರ ಶೆಟ್ಟಿ ಅವರ ತಂಡ ರಾಗಿಯ ಸೋದರ ಧಾನ್ಯ ಸಜ್ಜೆಯನ್ನು ಕೈಗೆತ್ತಿಕೊಂಡಿತು. ಸಜ್ಜೆಗೆ ಬರುವ ಕೇದಿಗೆ ರೋಗದ ವಿರುದ್ಧ, ಬೇರಿನ ಸುತ್ತ ಬದುಕುವ ಬ್ಯಾಸಿಲಸ್ ಬ್ಯಾಕ್ಟೀರಿಯಾಗಳನ್ನು ಬೀಜಕ್ಕೆ ಲೇಪಿಸಿ ನೋಡಿದರು. ಅಮೆರಿಕದ ಆಬರ್ನ್ ವಿಶ್ವವಿದ್ಯಾಲಯದ ವಿಜ್ಞಾನಿಗಳೂ ಕೈಜೋಡಿಸಿದ್ದ ಈ ಕೆಲಸದ ಫಲಿತಾಂಶ 2003ರಲ್ಲಿ ಪ್ರಕಟವಾಯಿತು: ಲೇಪಿಸಿದ ಬೀಜದ ಸಸಿಗಳು ಹುಲುಸಾಗಿ ಬೆಳೆದವು, ರೋಗವೂ ಕಡಿಮೆಯಾಯಿತು. ನಾವು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಮಾಡುವಾಗ ಪಕ್ಕದ ಕ್ಯಾಂಪಸ್‌ನಲ್ಲಿ ಇಂಥದ್ದು ನಡೆದಿತ್ತು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಅಕ್ಕಡಿ ಸಾಲಿನ ಒಳಗುಟ್ಟು

ಹಳೇ ಮೈಸೂರಿನ ರಾಗಿ ಹೊಲ ಯಾವತ್ತೂ ಬರೀ ರಾಗಿಯದ್ದಾಗಿರಲಿಲ್ಲ. ನಡುನಡುವೆ ಅಕ್ಕಡಿ ಸಾಲುಗಳಲ್ಲಿ ತೊಗರಿ, ಅವರೆ, ಹುಚ್ಚೆಳ್ಳು, ಜೋಳ, ಸಾಸಿವೆ ಇರುತ್ತಿದ್ದವು. ಇದರಲ್ಲಿ ಸಾಸಿವೆ ಮೈಕೊರೈಜಾ ಜೊತೆ ನೆಂಟಸ್ತನ ಮಾಡದ ಕುಟುಂಬಕ್ಕೆ ಸೇರಿದ್ದು, ಉಳಿದವೆಲ್ಲ ಮಾಡುತ್ತವೆ. ಕೃಷಿ ವಿಶ್ವವಿದ್ಯಾಲಯ ಇಂದಿಗೂ 8ರಿಂದ 10 ಸಾಲು ರಾಗಿಗೆ 2 ಸಾಲು ತೊಗರಿ ಶಿಫಾರಸು ಮಾಡುತ್ತದೆ.

ರಾಗಿಯ ಬೇರು ಜೊಂಪೆ ಬೇರು, ಮೇಲ್ಮಣ್ಣಿನಲ್ಲೇ ಹರಡಿಕೊಳ್ಳುತ್ತದೆ. ತೊಗರಿಯ ತಾಯಿಬೇರು ಆಳಕ್ಕೆ ಇಳಿಯುತ್ತದೆ. ಮಳೆ ಕೈಕೊಟ್ಟಾಗ ಮೇಲಿನ ಮಣ್ಣು ಒಣಗಿ ಕೆಳಗೆ ಪಸೆ ಇರುತ್ತದೆ. ಆ ಪಸೆ ರಾಗಿಗೆ ಸಿಗಬಹುದಾ? ಸ್ವಿಟ್ಜರ್ಲೆಂಡ್‌ನ ಬಾಸೆಲ್ ವಿಶ್ವವಿದ್ಯಾಲಯದಲ್ಲಿ ದೇವೇಶ್ ಸಿಂಗ್, ನಟರಾಜನ್ ಮತಿಮಾರನ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. ಆಳದ ನೀರಿಗೆ ಗುರುತು ಹಾಕಿ ಅದು ಎಲ್ಲಿ ಹೋಗುತ್ತದೆ ಅಂತ ನೋಡಿದರು. ತೊಗರಿ ಆಳದಿಂದ ಎತ್ತಿದ ನೀರಿನಲ್ಲಿ ಸ್ವಲ್ಪ ಭಾಗ, ಎರಡೂ ಗಿಡಗಳ ಬೇರುಗಳನ್ನು ಹೆಣೆದ ಶಿಲೀಂಧ್ರದ ಎಳೆಗಳ ನೆರವಿನಿಂದ, ಬರದಲ್ಲಿದ್ದ ರಾಗಿಗೆ ದಕ್ಕಿತ್ತು. ಇದಕ್ಕೆ ಅವರು 'ಜೈವಿಕ ನೀರಾವರಿ' ಎಂಬರ್ಥದ ಹೆಸರನ್ನೇ ಇಟ್ಟರು.

ಆದರೆ ಇದೇ ಸಂಶೋಧಕರು ಇನ್ನೊಂದು ಮಾತನ್ನೂ ಹೇಳಿದ್ದಾರೆ. ನೀರು ಸಾಕಷ್ಟಿದ್ದಾಗ ತೊಗರಿ ರಾಗಿಗೆ ಜೋರಾಗಿಯೇ ಪೈಪೋಟಿ ಕೊಡುತ್ತದೆ. ಉಪಕಾರ ಕಾಣುವುದು ಬರ ಬಂದಾಗ. ಅಂದರೆ ಅಕ್ಕಡಿ ಒಂದು ಥರ ವಿಮೆ. ಒಳ್ಳೆ ವರ್ಷದಲ್ಲಿ ಸ್ವಲ್ಪ ಕಂತು ಕಟ್ಟುತ್ತೀರಿ, ಕೆಟ್ಟ ವರ್ಷದಲ್ಲಿ ಬೆಳೆ ಉಳಿಯುತ್ತದೆ. ಬೆಂಗಳೂರಿನ ಜಿಕೆವಿಕೆ ಮತ್ತು ತಮಿಳುನಾಡಿನ ಕೊಲ್ಲಿ ಬೆಟ್ಟಗಳಲ್ಲಿ ನಡೆದ ಹೊಲದ ಪ್ರಯೋಗಗಳ ವರದಿ 2020ರಲ್ಲಿ ಬಂತು. ತೊಗರಿ ಸಸಿಯನ್ನು ನಾಟಿ ಮಾಡಿ, ಮೈಕೊರೈಜಾ ಮತ್ತು ಬೇರಿನ ಬ್ಯಾಕ್ಟೀರಿಯಾ ಎರಡನ್ನೂ ಕೊಟ್ಟರೆ ರಸಗೊಬ್ಬರ ತಗ್ಗಿಸಿಯೂ ಇಳುವರಿ ಹೆಚ್ಚಿಸಬಹುದು ಎಂಬುದು ಅದರ ಸಾರ.

ಹಾಗಾದರೆ ರಸಗೊಬ್ಬರ ಬಿಟ್ಟುಬಿಡೋದಾ?

ಸೋಷಿಯಲ್ ಮೀಡಿಯಾದಲ್ಲಿ ಈ ಚರ್ಚೆ ಯಾವಾಗಲೂ ಎರಡು ತುದಿಗೆ ಹೋಗಿ ನಿಲ್ಲುತ್ತದೆ. ಜಿಕೆವಿಕೆಯಲ್ಲಿ 1978ರಿಂದ ರಾಗಿಯ ಮೇಲೆ ನಡೆಯುತ್ತಿರುವ ದೀರ್ಘಾವಧಿ ಪ್ರಯೋಗ ಎರಡೂ ಕಡೆಯವರಿಗೆ ಉತ್ತರ ಕೊಡುತ್ತದೆ. ವರ್ಷವೂ ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರ ಹಾಕಿ, ಜೊತೆಗೆ ಶಿಫಾರಸಿನ ರಸಗೊಬ್ಬರವನ್ನೂ ಕೊಟ್ಟ ತಾಕುಗಳು ಹೆಚ್ಚು ಇಳುವರಿಯನ್ನು, ಏರುಪೇರಿಲ್ಲದೆ ಕೊಟ್ಟವು. ಬರೀ ರಸಗೊಬ್ಬರ ಹಾಕಿದ ತಾಕುಗಳು ಅದನ್ನು ಸರಿಗಟ್ಟಲಿಲ್ಲ. ಏನೂ ಹಾಕದ ತಾಕು ಸೊರಗಿತು.

ಸಮಸ್ಯೆ ಇರೋದು ಒಂದೇ ಗೊಬ್ಬರವನ್ನು ಅಳತೆ ಮೀರಿ ಸುರಿಯುವುದರಲ್ಲಿ. ರಂಜಕ ಅತಿಯಾದರೆ ಗಿಡ ಮೈಕೊರೈಜಾಗೆ ಸಕ್ಕರೆ ಕೊಡುವುದನ್ನು ಕಡಿಮೆ ಮಾಡುತ್ತದೆ. ಯೂರಿಯಾ ಅತಿಯಾದರೆ ತೊಗರಿ ಬೇರಿನಲ್ಲಿ ಗಂಟು ಕಟ್ಟುವುದು ಕುಗ್ಗುತ್ತದೆ. ಪುಕ್ಕಟೆ ಸಿಗುವಾಗ ಯಾರು ತಾನೇ ದುಡಿದು ತರುವವನಿಗೆ ಸಂಬಳ ಕೊಡ್ತಾರೆ? ಮತ್ತೆ ಮತ್ತೆ ಉಳುಮೆ ಮಾಡಿದರೆ ಶಿಲೀಂಧ್ರದ ಎಳೆಗಳು ಹರಿಯುತ್ತವೆ. ನೆಲ ತಿಂಗಳುಗಟ್ಟಲೆ ಬೋಳಾಗಿದ್ದರೆ ಬದುಕಿರುವ ಬೇರಿಲ್ಲದೆ ಅವು ಕ್ಷೀಣಿಸುತ್ತವೆ.

ಒಂದೇ ಏಟಿಗೆ ರಸಗೊಬ್ಬರ ನಿಲ್ಲಿಸಿದರೆ ಏನಾಗುತ್ತದೆ ಅನ್ನೋದಕ್ಕೆ ಶ್ರೀಲಂಕಾ ಪಕ್ಕದಲ್ಲೇ ಇದೆ. 2021ರಲ್ಲಿ ಅಲ್ಲಿನ ಸರ್ಕಾರ ರಾತ್ರೋರಾತ್ರಿ ಆಮದು ನಿಷೇಧಿಸಿ, ಬೆಳೆ ಬಿದ್ದು, ರೈತರು ಬೀದಿಗಿಳಿದು, ಅದೇ ವರ್ಷ ನವೆಂಬರ್‌ನಲ್ಲಿ ಹಿಂದೆ ಸರಿಯಿತು. ಮಣ್ಣಿನ ಜೀವಗಳನ್ನು ಆದೇಶ ಹೊರಡಿಸಿ ವಾಪಸ್ ಕರೆಸಲು ಆಗುವುದಿಲ್ಲ, ಅವು ಮರಳಲು ವರ್ಷಗಳು ಬೇಕು.

ಇನ್ನು ಜೀವಾಮೃತ. ಸಗಣಿ, ಗಂಜಲ, ಬೆಲ್ಲ, ಬೇಳೆ ಹಿಟ್ಟು, ಒಂದು ಹಿಡಿ ಮಣ್ಣು ಹಾಕಿ ಹುದುಗಿಸುವ ಇದು ಸೂಕ್ಷ್ಮಜೀವಿಗಳಿಗೆ ಊಟವೂ ಹೌದು, ಹೆಪ್ಪೂ ಹೌದು. ಆದರೆ ಅದರಲ್ಲಿರುವ ಸಾರಜನಕ ತೀರಾ ಕಡಿಮೆ. ಹೆಪ್ಪು ಕೆಲಸ ಮಾಡಬೇಕಾದರೆ ಹಾಲು ಇರಬೇಕು. ದ್ವಿದಳ ಬೆಳೆ, ಸೊಪ್ಪು, ಕೊಟ್ಟಿಗೆ ಗೊಬ್ಬರ ಇಲ್ಲದ ಹೊಲಕ್ಕೆ ಬರೀ ಜೀವಾಮೃತ ಎರಚಿ ಪವಾಡ ಕಾಯುವುದು ರೈತರಿಗೆ ಮಾಡುವ ಮೋಸ.

ಪ್ಯಾಕೆಟ್ ಯಾಕೆ ಸೋಲುತ್ತದೆ?

ರಾಗಿಯ ವಿಷಯದಲ್ಲಿ ಸರ್ಕಾರಿ ವಿಜ್ಞಾನ ಒಮ್ಮೆ ದೊಡ್ಡದಾಗಿ ಗೆದ್ದಿದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಇಲ್ಲಿನ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ 'ಇಂಡಾಫ್' ತಳಿಗಳನ್ನು ಕೊಟ್ಟರು. ಅವು ಮನೆಮನೆಗೆ ಹೋದವು. ಕಾರಣ, ರಾಗಿ ಬೀಜವನ್ನು ರೈತ ಎತ್ತಿಡಬಹುದು, ಪಕ್ಕದ ಮನೆಗೆ ಸೇರಿನಲ್ಲಿ ಅಳೆದು ಕೊಡಬಹುದು. ಪ್ಯಾಕೆಟ್‌ನಲ್ಲಿ ಬರುವ ಸೂಕ್ಷ್ಮಜೀವಿಯನ್ನು ಹಾಗೆ ಎತ್ತಿಡಲಾಗದು.

ಜೈವಿಕ ಗೊಬ್ಬರಗಳನ್ನು ಕೇಂದ್ರ ಸರ್ಕಾರ 2006ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ಕೆಳಗೆ ತಂದಿತು. ಪುಡಿ ರೂಪದ ಬ್ಯಾಕ್ಟೀರಿಯಾ ಗೊಬ್ಬರದ ಪ್ರತಿ ಗ್ರಾಂನಲ್ಲಿ ಕನಿಷ್ಠ 5 ಕೋಟಿ ಬದುಕಿರುವ ಜೀವಕೋಶ ಇರಬೇಕು. ನಿಯಮ ಚೆನ್ನಾಗಿದೆ. ನಾನೊಮ್ಮೆ ಬೇಸಿಗೆಯಲ್ಲಿ ಗೊಬ್ಬರದ ಅಂಗಡಿಯೊಂದರ ಮುಂದೆ ಈ ಪ್ಯಾಕೆಟ್‌ಗಳ ರಾಶಿ ಬಿಸಿಲಿಗೆ ಬಿದ್ದಿದ್ದನ್ನು ಕಂಡೆ. ಕೇಳಿದರೆ, "ಏನಾಗಲ್ಲ ಸಾರ್, ಪುಡಿ ತಾನೆ" ಅಂದರು. ಯೂರಿಯಾ ಬಿಸಿಲಲ್ಲಿ ಸಾಯುವುದಿಲ್ಲ. ಆ ಪ್ಯಾಕೆಟ್‌ನೊಳಗಿದ್ದದ್ದು ಸಾಯುತ್ತದೆ. ಅದನ್ನು ಕೊಂಡು ಬಿತ್ತಿದ ರೈತ ಫಲಿತಾಂಶ ಕಾಣದೆ, "ಇದೆಲ್ಲ ಬರೀ ಬೊಗಳೆ" ಅಂತ ತೀರ್ಮಾನಿಸುತ್ತಾನೆ. ಅವನ ಮಟ್ಟಿಗೆ ಅದು ನಿಜವೇ.

ಪ್ಯಾಕೆಟ್ ಚೆನ್ನಾಗಿಯೇ ಇದ್ದರೂ ಹೊರಗಿನಿಂದ ಬಂದ ಜೀವಿ ಹೊಲದಲ್ಲಿ ಆಗಲೇ ಇರುವ ಕೋಟ್ಯಂತರ ಸ್ಥಳೀಯರ ನಡುವೆ ಉಳಿದುಕೊಳ್ಳಬೇಕು. ಒಂದು ಊರಲ್ಲಿ ಫಲ ಕೊಟ್ಟದ್ದು ಇನ್ನೊಂದು ಊರಲ್ಲಿ ಕೊಡದೇ ಇರಬಹುದು. ಅದಕ್ಕೇ ನನ್ನ ವಾದ ಇಷ್ಟು: ಮಣ್ಣಿನ ಜೀವವನ್ನು ಮುಖ್ಯವಾಗಿ ಕೊಳ್ಳುವುದಲ್ಲ, ಬೇಸಾಯದ ಕ್ರಮದಿಂದ ಸಾಕಿಕೊಳ್ಳಬೇಕು. ನಮ್ಮ ನೀತಿಗೆ ಮಾತ್ರ ಕೊಳ್ಳುವುದೊಂದೇ ಗೊತ್ತು.

ದುಡ್ಡು ಎಲ್ಲಿ ಹೋಗುತ್ತಿದೆ?

ರಸಗೊಬ್ಬರ ಸಬ್ಸಿಡಿಗೆ ಕೇಂದ್ರ ಸರ್ಕಾರ ಇತ್ತೀಚಿನ ವರ್ಷಗಳಲ್ಲಿ ಖರ್ಚು ಮಾಡಿದ್ದು ವರ್ಷಕ್ಕೆ ಒಂದೂವರೆ ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ತೆರಿಗೆ, ಬೇವು ಲೇಪನದ ಖರ್ಚು ಬಿಟ್ಟು 45 ಕೆ.ಜಿ. ಯೂರಿಯಾ ಚೀಲದ ಬೆಲೆ 242 ರೂಪಾಯಿ. ಇಷ್ಟು ಅಗ್ಗವಾಗಿರುವ ಯೂರಿಯಾ ಬೇಕಾದಾಗ ಸಿಗುವುದೇ ಇಲ್ಲ. 2025ರ ಮುಂಗಾರಿನಲ್ಲಿ ರಾಜ್ಯದ ಹಲವು ಕಡೆ ಸೊಸೈಟಿಗಳ ಮುಂದೆ ಬೆಳಗಿನಿಂದ ನಿಂತ ಸಾಲುಗಳನ್ನು, ಕೊಪ್ಪಳದಲ್ಲಿ ರೈತರೊಬ್ಬರು ಮಣ್ಣು ತಿಂದು ಆಕ್ರೋಶ ಹೊರಹಾಕಿದ ವಿಡಿಯೊವನ್ನು ನೀವೂ ನೋಡಿರುತ್ತೀರಿ. ಆ ರೈತರನ್ನು "ಯೂರಿಯಾ ಬಿಡಿ, ಸಾವಯವ ಮಾಡಿ" ಅಂತ ಉಪದೇಶಿಸುವ ಹಕ್ಕು ನಗರದಲ್ಲಿ ಕೂತ ನಮಗಿಲ್ಲ. ಬೇರೆ ದಾರಿಯನ್ನು ಅವರಿಗೆ ಯಾರೂ ಕಟ್ಟಿಕೊಟ್ಟಿಲ್ಲ.

ಅಕ್ಕಡಿ ಕಣ್ಮರೆಯಾಗುತ್ತಿರುವುದಕ್ಕೂ ರೈತರ ಅಜ್ಞಾನ ಕಾರಣವಲ್ಲ. ಕೊಯ್ಲಿನ ಯಂತ್ರಕ್ಕೆ ನಡುವೆ ನಿಂತ ತೊಗರಿ ಅಡ್ಡಿ. ಅಗಲ ಎಲೆಯ ಕಳೆಗೆ ಹೊಡೆಯುವ ಕಳೆನಾಶಕ ತೊಗರಿ, ಅವರೆಯನ್ನೂ ಸುಡುತ್ತದೆ. ಕೂಲಿ ಆಳು ಸಿಗುವುದಿಲ್ಲ. ಬೆಂಬಲ ಬೆಲೆಯ ರಾಗಿ ಖರೀದಿ ಕೇಂದ್ರದಲ್ಲಿ 2025-26ಕ್ಕೆ ಕ್ವಿಂಟಲ್‌ಗೆ 4,886 ರೂಪಾಯಿ ನಿಗದಿಯಾಗಿದೆ, ಆದರೆ ಅಲ್ಲಿ ತೂಗುವುದು ರಾಗಿಯನ್ನು ಮಾತ್ರ. ಅಕ್ಕಡಿ ಮಣ್ಣಿಗೆ ಮಾಡಿದ ಉಪಕಾರಕ್ಕೆ ಯಾವ ತಕ್ಕಡಿಯೂ ಇಲ್ಲ.

ಯೋಜನೆಗಳು ಇಲ್ಲವೆಂದಲ್ಲ. 2023ರಲ್ಲಿ ಒಪ್ಪಿಗೆ ಪಡೆದ ಪಿಎಂ-ಪ್ರಣಾಮ್ ಪ್ರಕಾರ, ರಸಗೊಬ್ಬರ ಬಳಕೆ ತಗ್ಗಿಸಿದ ರಾಜ್ಯಕ್ಕೆ ಉಳಿದ ಸಬ್ಸಿಡಿಯ ಅರ್ಧದಷ್ಟು ಅನುದಾನವಾಗಿ ಬರಬೇಕು. ಕರ್ನಾಟಕದ 'ರೈತ ಸಿರಿ' ಸಿರಿಧಾನ್ಯ ಬೆಳೆಗಾರರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಘೋಷಿಸಿತ್ತು. ಒಂದು ಕಡೆ ಚೀಲ ಎಷ್ಟು ಉಳಿಯಿತು ಅಂತ ಲೆಕ್ಕ, ಇನ್ನೊಂದು ಕಡೆ ಎಷ್ಟು ಹೆಕ್ಟೇರ್ ಬಿತ್ತನೆಯಾಯಿತು ಅಂತ ಲೆಕ್ಕ. ಮಣ್ಣಿನಲ್ಲಿ ಜೀವ ಹೆಚ್ಚಾಯಿತಾ ಅಂತ ಎರಡೂ ಕೇಳುವುದಿಲ್ಲ.

ಕೇಳಬೇಕಾದ ಮೂರು ವಿಷಯ

ಮೊದಲನೆಯದು, ಚೀಟಿಯ 12 ಸಾಲಿನ ಕೆಳಗೆ 13ನೆಯ ಸಾಲು. ಮಣ್ಣು ಉಸಿರಾಡುವಾಗ ಬಿಡುವ ಇಂಗಾಲದ ಡೈಆಕ್ಸೈಡ್ ಅಳೆಯುವುದು ಹಳೆಯ, ಸರಳ ಪರೀಕ್ಷೆ. ಅದನ್ನು ತಾಲ್ಲೂಕು ಮಟ್ಟಕ್ಕೆ ತರುವುದು ರಾಕೆಟ್ ವಿಜ್ಞಾನವಲ್ಲ.

ಎರಡನೆಯದು, ರೈತ ಸಂಪರ್ಕ ಕೇಂದ್ರದಲ್ಲಿ ಮತ್ತು ಅಂಗಡಿಯಲ್ಲಿ ಮಾರುವ ಜೈವಿಕ ಗೊಬ್ಬರದ ಮಾದರಿಯನ್ನು, ಕಾರ್ಖಾನೆಯಲ್ಲಿ ಅಲ್ಲ, ಮಾರುವ ಜಾಗದಲ್ಲೇ ತೆಗೆದು ಪರೀಕ್ಷಿಸಬೇಕು. ಫಲಿತಾಂಶ ಸಾರ್ವಜನಿಕವಾಗಬೇಕು. ನೆರಳು, ತಂಪು ಇಲ್ಲದ ಕಡೆ ಅದನ್ನು ಮಾರಲು ಬಿಡಬಾರದು.

ಮೂರನೆಯದು, ರಾಗಿಗೆ ಕೊಡುವ ಪ್ರೋತ್ಸಾಹಧನದಲ್ಲಿ ಅಕ್ಕಡಿ ಸಾಲಿಗೆ, ಕೊಟ್ಟಿಗೆ ಗೊಬ್ಬರಕ್ಕೆ ಬೇರೆಯೇ ಪಾಲು ಇಡಬೇಕು. ಜೊತೆಗೆ ಸಣ್ಣ ಹಿಡುವಳಿಗೆ, ಮಿಶ್ರ ಬೆಳೆಗೆ ಹೊಂದುವ ಕೊಯ್ಲಿನ ಯಂತ್ರ ರೂಪಿಸುವ ಕೆಲಸವನ್ನು ನಮ್ಮ ಇಂಜಿನಿಯರಿಂಗ್ ಕಾಲೇಜುಗಳಿಗೆ ಕೊಡಬೇಕು. ಮೈಸೂರಿನಲ್ಲಿ ಅವಕ್ಕೇನು ಕೊರತೆ ಇಲ್ಲ.

ಕೊನೆಗೆ ನೀವೇ ಮಾಡಿ ನೋಡಬಹುದಾದ ಒಂದು ಪರೀಕ್ಷೆ. ಮುಂದಿನ ಮಳೆಗಾಲದಲ್ಲಿ, ಬಿತ್ತಿ ಸುಮಾರು ಒಂದೂವರೆ ತಿಂಗಳಾದ ಮೇಲೆ, ಹೊಲದವರನ್ನು ಕೇಳಿ ಒಂದು ಅವರೆ ಅಥವಾ ತೊಗರಿ ಗಿಡವನ್ನು ಮಣ್ಣಿನ ಸಮೇತ ಮೆಲ್ಲಗೆ ಎತ್ತಿ, ಬೇರು ತೊಳೆಯಿರಿ. ಅಲ್ಲಿರುವ ಗಂಟನ್ನು ಉಗುರಿನಿಂದ ಸೀಳಿ. ಒಳಗೆ ಕೆಂಪಾಗಿದ್ದರೆ ಸಾರಜನಕದ ಕೆಲಸ ನಡೆಯುತ್ತಿದೆ ಅಂತ. ಬಿಳಿ ಅಥವಾ ಹಸಿರು ಇದ್ದರೆ ನಡೆಯುತ್ತಿಲ್ಲ. ಹುಣಸೂರಿನ ಆ ಹುಡುಗಿ ಮಾಡಿ ನೋಡಿದಳು. ಅವಳು ಎತ್ತಿದ ಆರು ಗಿಡಗಳಲ್ಲಿ ನಾಲ್ಕರ ಗಂಟು ಕೆಂಪಗಿತ್ತಂತೆ. ಫೋನ್ ಮಾಡಿ ಹೇಳಿದಳು, "ಮಾವ, ಇದನ್ನ ಚೀಟೀಲಿ ಎಲ್ಲಿ ಬರೀಲಿ?"